ಲಿನಕ್ಸ್‌ನಲ್ಲಿ ಸರಿ ಉಂಟು, ವಿಂಡೋಸ್‌ನಲ್ಲಿ ಲಿಂಕ್ ಆಗುದಿಲ್ಲ: ತುಳು ಲಿಪಿ ಲೈಬ್ರರಿಯ ಫಂಕ್ಷನ್‌ಗಳು ಎಲ್ಲಿಗೆ ಹೋದವು?

ತೆಂಕಪೇಟೆ_ತುಳುವ · ಶನಿವಾರ ರಾತ್ರಿ 10:42

ನಮಸ್ಕಾರ ಎಲ್ಲರಿಗೂ. ನಾಲ್ಕು ದಿವಸದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ಕನ್ನಡ ಲಿಪಿಯಲ್ಲಿ ಬರೆದದ್ದನ್ನು ತುಳು ಲಿಪಿಗೆ ತಿರುಗಿಸುವ ಒಂದು ಸಣ್ಣ ಲೈಬ್ರರಿ ಬರೀತಾ ಇದ್ದೇನೆ, ಸಿ++ನಲ್ಲಿ. 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16 (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ) ಬಂದಾಗ ತುಳು-ತಿಗಳಾರಿಗೆ, ಅಂದರೆ ತುಳು ಲಿಪಿಗೆ, ಅದರದ್ದೇ ಜಾಗ ಸಿಕ್ಕಿತಲ್ಲ, ಆವತ್ತಿನಿಂದ ಮನಸ್ಸಲ್ಲಿದ್ದ ಕೆಲಸ ಇದು. ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು. ಅಲ್ಲಿ ಬಿಲ್ಡ್ ಆಗ್ತದೆ, ಟೆಸ್ಟ್ ಎಲ್ಲ ಪಾಸ್, ಎಂತ ತೊಂದರೆಯೂ ಇಲ್ಲ.

ಬಂಟ್ವಾಳದಲ್ಲಿ ನನ್ನ ಗೆಳೆಯನ ಡಿಟಿಪಿ ಅಂಗಡಿ ಉಂಟು. ಮದುವೆ ಕಾಗದ, ನೇಮದ ಆಮಂತ್ರಣ ಅಂತ ಕೆಲಸ. ಅವನಿಗೆ ಉಪಯೋಗ ಆಗಲಿ ಅಂತಲೇ ಶುರು ಮಾಡಿದ್ದು. ಅವನಲ್ಲಿರುವುದು ವಿಂಡೋಸ್. ವಿಷುವಲ್ ಸ್ಟುಡಿಯೋ ಹಾಕಿಸಿ, ಅದೇ ಕೋಡ್, ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಅದೇ ಸಿಮೇಕ್ ಫೈಲ್ ಕೊಟ್ಟೆ. ಡಿಎಲ್‌ಎಲ್, ಅಂದರೆ ವಿಂಡೋಸ್‌ನ ಲೈಬ್ರರಿ ಫೈಲ್, ಆಯ್ತು. ಆದರೆ ಅದರ ಜೊತೆಗೆ ಬರಬೇಕಾದ .ಲಿಬ್ ಫೈಲೇ ಇಲ್ಲ! ಪುಟ ತೋರಿಸುವ ಪ್ರೋಗ್ರಾಂ ಲೈಬ್ರರಿಗೆ ಲಿಂಕ್ ಆಗುವ (ಜೋಡಣೆಯಾಗುವ) ಹೊತ್ತಿಗೆ ಎಲ್‌ಎನ್‌ಕೆ1104, ತುಳುಲಿಪಿ.ಲಿಬ್ ಸಿಗುದಿಲ್ಲ ಅಂತ ಎರರ್. ಫೋಲ್ಡರ್ ಪೂರಾ ಹುಡುಕಿಸಿದೆ, ಎರಡು ಸರ್ತಿ ಎಲ್ಲ ಅಳಿಸಿ ಹೊಸತಾಗಿ ಬಿಲ್ಡ್ ಮಾಡಿಸಿದೆ. ಇಲ್ಲವೇ ಇಲ್ಲ.

ಕೋಡ್ ಒಂದೇ ಆಗಿರುವಾಗ ಒಂದು ಕಡೆ ಆಗಿ ಇನ್ನೊಂದು ಕಡೆ ಆಗದಿರಲು ಎಂತ ಕಾರಣ?

ಕೊಟ್ಟಾರ_ಕೋಡರ್ · ರಾತ್ರಿ 10:51

ನಿಮ್ಮ ಡಿಎಲ್‌ಎಲ್ ಖಾಲಿ ಮಾರಾಯ್ರೆ. ಒಳಗೆ ಕೋಡ್ ಉಂಟು, ಆದರೆ ಹೊರಗೆ ಕಾಣುವ ಹೆಸರು ಒಂದೂ ಇಲ್ಲ. ಎಕ್ಸ್‌ಪೋರ್ಟ್ ಆದದ್ದು ಏನೂ ಇಲ್ಲದಿದ್ದರೆ ಮೈಕ್ರೋಸಾಫ್ಟ್ ಲಿಂಕರ್ .ಲಿಬ್ ಫೈಲ್ ಮಾಡುದೇ ಇಲ್ಲ. ಆ ಸಣ್ಣ .ಲಿಬ್ ಅಂದರೆ ಇಂಪೋರ್ಟ್ ಲೈಬ್ರರಿ. "ಈ ಹೆಸರಿನ ಫಂಕ್ಷನ್ ಈ ಡಿಎಲ್‌ಎಲ್‌ನಲ್ಲಿ ಉಂಟು" ಅಂತ ಹೇಳುವ ಪಟ್ಟಿ ಅಷ್ಟೆ. ಹೇಳಲಿಕ್ಕೆ ಹೆಸರೇ ಇಲ್ಲದಿದ್ದರೆ ಪಟ್ಟಿ ಎಲ್ಲಿಂದ ಬರಬೇಕು?

ಗೆಳೆಯನ ಹತ್ತಿರ ಡೆವಲಪರ್ ಕಮಾಂಡ್ ಪ್ರಾಂಪ್ಟ್ ತೆರೆದು "ಡಂಪ್‌ಬಿನ್ /ಎಕ್ಸ್‌ಪೋರ್ಟ್ಸ್ ತುಳುಲಿಪಿ.ಡಿಎಲ್‌ಎಲ್" ಅಂತ ಹೊಡೆಯಲು ಹೇಳಿ. ಫಂಕ್ಷನ್‌ಗಳ ಪಟ್ಟಿ ಬರುವ ಜಾಗದಲ್ಲಿ ಏನೂ ಇರುದಿಲ್ಲ, ನೋಡಿ ಬೇಕಾದರೆ.

ಬೋಳಾರ_ಲಿನಕ್ಸ್ · ರಾತ್ರಿ 10:58

ಕಾರಣ ಕೇಳಿದಿರಲ್ಲ, ಅದನ್ನೂ ಹೇಳ್ತೇನೆ. ಲಿನಕ್ಸ್‌ನಲ್ಲಿ .ಎಸ್‌ಒ (ಅಲ್ಲಿಯ ಡಿಎಲ್‌ಎಲ್) ಮಾಡುವಾಗ ನೀವು ಬೇಡ ಅನ್ನದಿದ್ದರೆ ಸ್ಟಾಟಿಕ್ ಅಲ್ಲದ ಎಲ್ಲ ಫಂಕ್ಷನ್ ಹೊರಗೆ ಕಾಣ್ತದೆ. ವಿಂಡೋಸ್ ತದ್ವಿರುದ್ಧ. ನೀವು ಬೇಕು ಅಂದದ್ದು ಮಾತ್ರ ಹೊರಗೆ. ಹೇಳದಿದ್ದರೆ ಒಂದೂ ಇಲ್ಲ. ಒಂದೇ ಕೋಡ್ ಎರಡು ಕಡೆ ಎರಡು ರೀತಿ ಆಗಿದ್ದು ಇದಕ್ಕೇ.

ಸುರತ್ಕಲ್_ದೀಪಸ್ತಂಭ · ರಾತ್ರಿ 11:03

ಇದಕ್ಕೆ ಒಂದೇ ಸಾಲಿನ ಮದ್ದು ಉಂಟು. ಸಿಮೇಕ್ 3.4ರಿಂದ "ವಿಂಡೋಸ್_ಎಕ್ಸ್‌ಪೋರ್ಟ್_ಆಲ್_ಸಿಂಬಲ್ಸ್" ಅಂತ ಪ್ರಾಪರ್ಟಿ ಉಂಟು. ಟಾರ್ಗೆಟ್‌ಗೆ ಅದನ್ನು ಆನ್ ಮಾಡಿ. ಸಿಮೇಕ್ ತಾನೇ ಆಬ್ಜೆಕ್ಟ್ ಫೈಲ್ ಓದಿ, ಎಕ್ಸ್‌ಪೋರ್ಟ್ ಆಗಬೇಕಾದ ಹೆಸರುಗಳ .ಡೆಫ್ ಫೈಲ್ ಬರೆದು ಲಿಂಕರ್‌ಗೆ ಕೊಡ್ತದೆ. ಕೋಡ್ ಮುಟ್ಟಬೇಕಾಗಿಲ್ಲ. ಮಲಗಿ ಇನ್ನು.

ಕಾರ್ಕಳದಕ್ಕ · ರಾತ್ರಿ 11:20

@ಸುರತ್ಕಲ್_ದೀಪಸ್ತಂಭ ಹಾಗೆ ಹೇಳಿ ಕಳಿಸಬೇಡಿ. ಅದು ತಾತ್ಕಾಲಿಕಕ್ಕೆ ಆಗ್ತದೆ, ಬೇರೆಯವರ ಕೈಗೆ ಕೊಡುವ ಲೈಬ್ರರಿಗೆ ಸರಿಯಲ್ಲ. ಒಳಗಿನ ಸಹಾಯಕ ಫಂಕ್ಷನ್ ಎಲ್ಲ ಹೊರಗೆ ಬೀಳ್ತದೆ. ನಾಳೆ ಅದರಲ್ಲಿ ಒಂದರ ಹೆಸರು ಬದಲಿಸಿದರೆ ಯಾರದ್ದೋ ಪ್ರೋಗ್ರಾಂ ನಿಲ್ತದೆ. ದೊಡ್ಡ ಪ್ರಾಜೆಕ್ಟ್ ಆದರೆ ಒಂದು ಡಿಎಲ್‌ಎಲ್‌ಗೆ 65535 ಹೆಸರಿನ ಮಿತಿ ಉಂಟು, ಟೆಂಪ್ಲೇಟ್ ಜಾಸ್ತಿ ಇದ್ದ ಕೋಡಿನಲ್ಲಿ ಅದೂ ತುಂಬಿ ಹೋಗ್ತದೆ. ಮತ್ತೆ ಗ್ಲೋಬಲ್ ಡೇಟಾ ಇದ್ದರೆ ಈ ಒಂದು ಸಾಲು ಸಾಕಾಗುದಿಲ್ಲ.

ತೆಂಕಪೇಟೆಯವರೇ, ಹೆಡರ್‌ನಲ್ಲಿ (ಫಂಕ್ಷನ್‌ಗಳ ಹೆಸರು ಸಾರುವ ಫೈಲ್) ಮ್ಯಾಕ್ರೋ, ಅಂದರೆ ಕಂಪೈಲ್‌ಗೆ ಮೊದಲು ಬೇರೆ ಪದವಾಗಿ ಬದಲಾಗುವ ಹೆಸರು, ಹಾಕಿ. ತುಳು_ಎಪಿಐ ಅಂತ ಇಡಿ. ವಿಂಡೋಸ್‌ನಲ್ಲಿ ಲೈಬ್ರರಿ ಬಿಲ್ಡ್ ಆಗುವಾಗ ಅದು ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಆಗಬೇಕು, ಉಪಯೋಗಿಸುವವರು ಸೇರಿಸಿಕೊಳ್ಳುವಾಗ ಡಿಎಲ್‌ಎಲ್‌ಇಂಪೋರ್ಟ್. ಲಿನಕ್ಸ್, ಮ್ಯಾಕ್‌ನಲ್ಲಿ ವಿಸಿಬಿಲಿಟಿ ಡಿಫಾಲ್ಟ್. ಶೇರ್ಡ್ ಲೈಬ್ರರಿ ಬಿಲ್ಡ್ ಆಗುವಾಗ ಟಾರ್ಗೆಟ್ ಹೆಸರಿನ ಕೊನೆಗೆ _ಎಕ್ಸ್‌ಪೋರ್ಟ್ಸ್ ಸೇರಿಸಿ ಒಂದು ಡೆಫಿನಿಷನ್ ಸಿಮೇಕ್ ತಾನಾಗಿಯೇ ಕೊಡ್ತದೆ, ಅದನ್ನು ನೋಡಿ ಮ್ಯಾಕ್ರೋ ತೀರ್ಮಾನ ಮಾಡಲಿ. ಕೈಯಲ್ಲಿ ಬರೆಯಲು ಉದಾಸೀನ ಆದರೆ "ಜನರೇಟ್_ಎಕ್ಸ್‌ಪೋರ್ಟ್_ಹೆಡರ್" ಅಂತ ಸಿಮೇಕ್‌ನಲ್ಲೇ ಉಂಟು.

ಸುರತ್ಕಲ್_ದೀಪಸ್ತಂಭ · ರಾತ್ರಿ 11:26

ಅಕ್ಕ, ಅವರಿಗೆ ಬೇಕಾದ್ದು ಗೆಳೆಯನ ಅಂಗಡಿಯಲ್ಲಿ ಓಡಬೇಕು ಅಂತ. ದೊಡ್ಡ ಕಂಪನಿಗೆ ಮಾರಲಿಕ್ಕಲ್ಲ.

ಕಾರ್ಕಳದಕ್ಕ · ರಾತ್ರಿ 11:31

ತುಳು ಲಿಪಿಯ ಲೈಬ್ರರಿ ಒಬ್ಬನ ಅಂಗಡಿಗೆ ನಿಲ್ಲುವಂಥದ್ದಲ್ಲ. ನಾಳೆ ಕಾಸರಗೋಡಿನವರು ಕೇಳ್ತಾರೆ, ಮುಂಬೈಯವರು ಕೇಳ್ತಾರೆ. ಮೊದಲೇ ಸರಿಯಾಗಿ ಮಾಡಲಿ.

ಬಂಟ್ವಾಳ_ಡಿಟಿಪಿ · ರಾತ್ರಿ 11:40

ಅಂಗಡಿಯವನು ನಾನೇ 🙏 ನಮಗೆ ಪ್ರೋಗ್ರಾಮಿಂಗ್ ಗೊತ್ತಿಲ್ಲ, ಇವ ಫೋನಿನಲ್ಲಿ ಹೇಳಿದ ಹಾಗೆ ಹೊಡೀತೇನೆ. ಡಂಪ್‌ಬಿನ್ ಹೊಡೆದೆ. ಕೊಟ್ಟಾರದವರು ಹೇಳಿದ ಹಾಗೆಯೇ, ಪಟ್ಟಿ ಖಾಲಿ.

ಮಣಿಪಾಲ_ಥರ್ಡ್‌ಇಯರ್ · ಭಾನುವಾರ ಬೆಳಿಗ್ಗೆ 8:15

ನಾನು ವಿಂಡೋಸ್‌ನಲ್ಲೇ ಕೆಲಸ ಮಾಡುದು, ಆದರೆ ಮಿನ್‌ಜಿಡಬ್ಲ್ಯೂ, ವಿಂಡೋಸ್‌ಗೆ ಬಂದ ಜಿಸಿಸಿ ಕಂಪೈಲರ್. ನನಗೆ ಯಾವತ್ತೂ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಬರೆಯಬೇಕಾಗಿ ಬರಲಿಲ್ಲ. ಹಾಗೆಯೇ ಲಿಂಕ್ ಆಗ್ತದೆ. ಹಾಗಾದರೆ ಇದು ವಿಂಡೋಸ್‌ನ ಸಮಸ್ಯೆ ಅಲ್ಲ ಅಲ್ವಾ, ವಿಷುವಲ್ ಸ್ಟುಡಿಯೋದ್ದು?

ಬೋಳಾರ_ಲಿನಕ್ಸ್ · ಬೆಳಿಗ್ಗೆ 8:50

ಮಿನ್‌ಜಿಡಬ್ಲ್ಯೂ ಲಿಂಕರ್ ನಿಮಗೆ ಉಪಕಾರ ಮಾಡ್ತಾ ಉಂಟು ತಮ್ಮ. ಎಲ್ಲಿಯೂ ಎಕ್ಸ್‌ಪೋರ್ಟ್ ಗುರುತು ಇಲ್ಲದಿದ್ದರೆ ಅದು ಎಲ್ಲವನ್ನೂ ತಾನೇ ಎಕ್ಸ್‌ಪೋರ್ಟ್ ಮಾಡ್ತದೆ. ಆದರೆ ಒಂದೇ ಒಂದು ಫಂಕ್ಷನ್‌ಗೆ ಡಿಎಲ್‌ಎಲ್‌ಎಕ್ಸ್‌ಪೋರ್ಟ್ ಹಾಕಿ ನೋಡಿ, ಉಳಿದದ್ದೆಲ್ಲ ಮಾಯ. "ಇವರಿಗೆ ಬೇಕಾದ್ದು ಯಾವುದು ಅಂತ ಇವರೇ ಹೇಳಿದ್ದಾರೆ" ಅಂತ ಅದು ಸುಮ್ಮನಾಗ್ತದೆ. ನಿನ್ನೆಯವರೆಗೆ ಆಗ್ತಿದ್ದದ್ದು ಒಂದು ಸಾಲು ಸೇರಿಸಿದ ಕೂಡಲೇ ಹಾಳಾಯ್ತು ಅಂತ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಮಣಿಪಾಲ_ಥರ್ಡ್‌ಇಯರ್ · ಬೆಳಿಗ್ಗೆ 9:22

ಮಾಡಿ ನೋಡಿದೆ. ಹೌದು ಸರ್! ಹನ್ನೊಂದು ಫಂಕ್ಷನ್ ಇತ್ತು, ಒಂದಕ್ಕೆ ಹಾಕಿದ್ದೇ ತಡ, ಹತ್ತು ಹೋಯ್ತು.

ತೆಂಕಪೇಟೆ_ತುಳುವ · ಬೆಳಿಗ್ಗೆ 11:05

ನಿನ್ನೆ ರಾತ್ರಿಯೇ ಕೂತೆ. ಮೊದಲು ಸುರತ್ಕಲ್‌ನವರ ಒಂದು ಸಾಲು ಹಾಕಿ ನೋಡಿದೆ, .ಲಿಬ್ ಬಂತು! ತುಂಬ ಖುಷಿ ಆಯ್ತು. ಆದರೆ ಈಗ ಬೇರೆ ಎರರ್. ಎಲ್‌ಎನ್‌ಕೆ2001, ಅಕ್ಷರ_ಕೋಷ್ಟಕ ಅನ್ರಿಸಾಲ್ವ್ಡ್. ಡ್ರಾಟೆಕ್ಸ್ಟ್ ಅಂತ ಒಂದು ಫಂಕ್ಷನ್ ಉಂಟು, ಅದೂ ಸಿಗುದಿಲ್ಲ ಅಂತ ಹೇಳ್ತದೆ. ಕೋಷ್ಟಕ ಅಂದರೆ ಕನ್ನಡ ಅಕ್ಷರಕ್ಕೆ ತುಳು ಅಕ್ಷರ ಯಾವುದು ಅಂತ ಇರುವ ಅರೇ, ಅದನ್ನು ಪುಟ ತೋರಿಸುವ ಪ್ರೋಗ್ರಾಂ ನೇರ ಓದ್ತದೆ.

ಕಾರ್ಕಳದಕ್ಕ · ಬೆಳಿಗ್ಗೆ 11:18

ಕೋಷ್ಟಕದ್ದು ನಾನು ನಿನ್ನೆ ಹೇಳಿದ್ದೇ. ಫಂಕ್ಷನ್ ಕರೆಯುವಾಗ ಡಿಎಲ್‌ಎಲ್‌ಇಂಪೋರ್ಟ್ ಇಲ್ಲದಿದ್ದರೂ ನಡೀತದೆ, ಯಾಕೆಂದರೆ ಇಂಪೋರ್ಟ್ ಲೈಬ್ರರಿಯಲ್ಲಿ ಆ ಹೆಸರಿಗೆ ಒಂದು ಸಣ್ಣ ಜಿಗಿತದ ಕೋಡ್ ಇರ್ತದೆ. ಅಲ್ಲಿಗೆ ಹೋಗಿ ಅಲ್ಲಿಂದ ಡಿಎಲ್‌ಎಲ್‌ಗೆ ಹಾರ್ತದೆ. ಡೇಟಾಕ್ಕೆ ಹಾಗೆ ಹಾರಲಿಕ್ಕೆ ಬರುದಿಲ್ಲ. ಅದರ ವಿಳಾಸ ಬೇರೆ ಕಡೆಯಿಂದ ಓದಬೇಕು ಅಂತ ಕಂಪೈಲರ್‌ಗೆ ಮೊದಲೇ ಗೊತ್ತಿರಬೇಕು. ಹಾಗಾಗಿ ಹೆಡರ್‌ನಲ್ಲಿ ಡಿಎಲ್‌ಎಲ್‌ಇಂಪೋರ್ಟ್ ಬೇಕೇ ಬೇಕು.

ಇನ್ನೂ ಒಳ್ಳೆಯದು ಅಂದರೆ ಕೋಷ್ಟಕವನ್ನು ಹೊರಗೆ ಕೊಡಲೇಬೇಡಿ. "ಈ ಕನ್ನಡ ಅಕ್ಷರಕ್ಕೆ ತುಳು ಅಕ್ಷರ ಯಾವುದು" ಅಂತ ಕೇಳುವ ಒಂದು ಫಂಕ್ಷನ್ ಇಡಿ. ನಾಳೆ ಅರೇಯ ಉದ್ದ ಬದಲಾದರೂ ಹೊರಗಿನವರ ಪ್ರೋಗ್ರಾಂಗೆ ತೊಂದರೆ ಇಲ್ಲ.

ಕುಂದಾಪ್ರದ್_ಕೋಡು · ಮಧ್ಯಾಹ್ನ 12:10

ಹ್ವಾಯ್, ಆ ಡ್ರಾಟೆಕ್ಸ್ಟ್ ಎರರ್‌ನ ಪೂರಾ ಸಾಲ್ ಹಾಕಿ ಕಾಂಬ. ಬರೀ ಹೆಸ್ರ್ ಹೇಳ್ರೆ ಎಂತ ಗೊತ್ತಾತ್ತ್ ಮಾರ್ರೆ?

ನಂಗ್ ಹಿಂದೆ ಒಂದ್ ಸರ್ತಿ ಹೀಂಗೇ ಆಯಿತ್ತ್. ಸಿಯಲ್ಲಿ ಬರ್ದ ಫಂಕ್ಷನ್, ಸಿ++ನಿಂದ ಕರಿತಿದ್ದೆ. ಹೆಸ್ರ್ ಅದೇ, ಲೈಬ್ರರಿಯೂ ಅದೇ, ಆರೆ ಲಿಂಕ್ ಆತಿಲ್ಲೆ. ಎರರ್ ಸಾಲಿನ ಕೊನಿಗ್ ಬ್ರಾಕೆಟಿನೊಳ್ಗೆ ಪ್ರಶ್ನೆ ಚಿಹ್ನೆ, ಎರಡೆರಡ್ ಆಟ್ ಚಿಹ್ನೆ ಎಲ್ಲ ಇದ್ದಿತ್ತ್, ನಾ ಅದನ್ ಓದ್ಲೇ ಇಲ್ಲೆ. ಸಿ++ ಹೆಸ್ರಿಗೆ ಆರ್ಗ್ಯುಮೆಂಟಿನ ಗುರ್ತ್ ಎಲ್ಲ ಸೇರ್ಸ್ತ್, ಸಿ ಸೇರ್ಸುದಿಲ್ಲೆ. ಹೆಡರ್‌ಗೆ ಎಕ್ಸ್‌ಟರ್ನ್ ಸಿ ಹಾಕ್ದೆ, ಮುಗೀತ್.

ಕೊಟ್ಟಾರ_ಕೋಡರ್ · ಮಧ್ಯಾಹ್ನ 12:31

ಕುಂದಾಪುರದವರು ಹೇಳಿದ್ದಕ್ಕೆ ನನ್ನದೊಂದು ಸೇರಿಸ್ತೇನೆ. ಕೆಲವು ವರ್ಷದ ಹಿಂದೆ ಒಂದು ಗೇರುಬೀಜದ ಫ್ಯಾಕ್ಟರಿಗೆ ತೂಕದ ಯಂತ್ರದಿಂದ ಬಿಲ್ಲಿಗೆ ನೇರ ತೂಕ ಬರುವ ಹಾಗೆ ಮಾಡಿಕೊಡಬೇಕಿತ್ತು. ಯಂತ್ರದವರು ಕೊಟ್ಟ ಡಿಎಲ್‌ಎಲ್ 32 ಬಿಟ್‌ನದ್ದು. ಕಾಗದದಲ್ಲಿ ಫಂಕ್ಷನ್ ಹೆಸರು ರೀಡ್‌ವೆಯ್ಟ್ ಅಂತ ಬರೆದಿದ್ದರು. ನಾನು ಅದೇ ಹೆಸರಿಗೆ ಹುಡುಕಿದರೆ ಸಿಗುದೇ ಇಲ್ಲ. ಎರಡು ದಿವಸ ಫ್ಯಾಕ್ಟರಿಯ ತೂಕದ ಕೋಣೆಯಲ್ಲಿ ಕೂತಿದ್ದೇನೆ, ಹೊರಗೆ ಚೀಲ ಹೊತ್ತವರು ಸಾಲಾಗಿ ಕಾಯ್ತಾ ಇದ್ದಾರೆ. ಕೊನೆಗೆ ಡಂಪ್‌ಬಿನ್ ಹೊಡೆದು ನೋಡಿದರೆ ಒಳಗಿನ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್, ಕೊನೆಗೆ @8. ಎಸ್‌ಟಿಡಿಕಾಲ್ ರೀತಿಯಲ್ಲಿ ಕಂಪೈಲ್ ಆದ 32 ಬಿಟ್ ಫಂಕ್ಷನ್‌ಗೆ ಹಾಗೆ ಹೆಸರಾಗ್ತದೆ, ಆ 8 ಅಂದರೆ ಆರ್ಗ್ಯುಮೆಂಟುಗಳ ಒಟ್ಟು ಬೈಟ್. .ಡೆಫ್ ಫೈಲಿನಲ್ಲಿ ಶುದ್ಧ ಹೆಸರು ಬರೆದು ಡಿಎಲ್‌ಎಲ್ ಮಾಡಿದ್ದರೆ ನನಗೆ ಆ ಎರಡು ದಿವಸ ಉಳೀತಿತ್ತು. 64 ಬಿಟ್‌ನಲ್ಲಿ ಈ ಕಾಟ ಇಲ್ಲ, ಪುಣ್ಯ.

ಆವತ್ತಿನಿಂದ ನನ್ನ ಅಭ್ಯಾಸ ಒಂದೇ. ಲಿಂಕರ್ ಕೇಳುವ ಹೆಸರು ಒಂದು ಕಡೆ, ಲೈಬ್ರರಿಯಲ್ಲಿರುವ ಹೆಸರು ಇನ್ನೊಂದು ಕಡೆ, ಎರಡನ್ನೂ ಒಂದರ ಕೆಳಗೆ ಒಂದು ಅಂಟಿಸಿ ಅಕ್ಷರ ಅಕ್ಷರ ನೋಡುದು. ಬಾಕಿ ಎಲ್ಲ ಊಹೆ.

ಬಂಟ್ವಾಳ_ಡಿಟಿಪಿ · ಮಧ್ಯಾಹ್ನ 1:05

ಲಿಂಕ್ ಆಗುವವರೆಗೆ ಒಂದು ಮಾತು ಕೇಳ್ತೇನೆ, ಬೈಬೇಡಿ. ನಾವು ಇಷ್ಟು ವರ್ಷ ತುಳು ಲಿಪಿಯಲ್ಲಿ ಕಾಗದ ಮಾಡಿದ್ದು ಒಂದು ಫಾಂಟ್ ಹಾಕಿ. ಕನ್ನಡದ್ದೇ ಅಕ್ಷರ ಒತ್ತುದು, ತುಳು ಕಾಣ್ತದೆ. ಆದರೆ ಆ ಫೈಲನ್ನು ಬೇರೆ ಕಡೆ ತೆರೆದರೆ ಕನ್ನಡ ಆಗಿ ಬಿಡ್ತದೆ. ಈಗ ಯುನಿಕೋಡ್ ಬಂದದ್ದರಿಂದ ಅದು ಸರಿಯಾಗ್ತದಾ?

ತೆಂಕಪೇಟೆ_ತುಳುವ · ಮಧ್ಯಾಹ್ನ 1:12

ಅದಕ್ಕೇ ಅಲ್ವಾ ಇಷ್ಟೆಲ್ಲ ಒದ್ದಾಟ. ಈಗ ತುಳು-ತಿಗಳಾರಿಯ "ಅ" ಅಂದರೆ ಯು+11380, ಕನ್ನಡದ "ಅ" ಅಂದರೆ ಯು+0ಸಿ85. ಬೇರೆ ಬೇರೆ. ಯಾವ ಕಂಪ್ಯೂಟರಿಗೆ ಹೋದರೂ ತುಳು ತುಳುವೇ. ಫಾಂಟ್ ಇಲ್ಲದಿದ್ದರೆ ಚೌಕ ಕಾಣಬಹುದು, ಆದರೆ ಕನ್ನಡ ಆಗಿ ಹೋಗುದಿಲ್ಲ.

ಸುರತ್ಕಲ್_ದೀಪಸ್ತಂಭ · ಮಧ್ಯಾಹ್ನ 1:30

ಅಲ್ಲಿ ಒಂದು ಗುಂಡಿ ಉಂಟು, ಜಾಗ್ರತೆ. ನಿಮ್ಮ ಲೈಬ್ರರಿಯ ಫಂಕ್ಷನ್‌ಗಳು ಡಬ್ಲ್ಯೂಚಾರ್ (ಅಗಲ ಅಕ್ಷರದ ಟೈಪ್) ತೆಗೊಳ್ತವಾ? ಲಿನಕ್ಸ್‌ನಲ್ಲಿ ಅದು 4 ಬೈಟ್, ವಿಂಡೋಸ್‌ನಲ್ಲಿ 2 ಬೈಟ್. ಕನ್ನಡ ಎರಡು ಬೈಟಿನಲ್ಲಿ ಹಿಡೀತದೆ, ತುಳು ಹಿಡಿಯುದಿಲ್ಲ. ಯು+11380 ವಿಂಡೋಸ್‌ನಲ್ಲಿ ಡಿ804, ಡಿಎಫ್80 ಅಂತ ಜೋಡಿಯಾಗಿ ಬರ್ತದೆ. ಒಂದು ಅಕ್ಷರ ಅಂತ ಎಣಿಸಿದರೆ ಎರಡಾಗ್ತದೆ.

ಬೋಳಾರ_ಲಿನಕ್ಸ್ · ಮಧ್ಯಾಹ್ನ 1:41

+1. ಹೊರಗಿನ ಫಂಕ್ಷನ್‌ಗಳಲ್ಲಿ ಯುಟಿಎಫ್-8 ಮಾತ್ರ ಇಡಿ, ಚಾರ್ ಪಾಯಿಂಟರ್ ಮತ್ತು ಉದ್ದ. ಎಸ್‌ಟಿಡಿ ಸ್ಟ್ರಿಂಗ್ ಕೂಡ ಗಡಿ ದಾಟಿಸಬೇಡಿ. 2015ರಲ್ಲಿ ಜಿಸಿಸಿ 5 ಬಂದಾಗ ಸ್ಟ್ರಿಂಗ್‌ನ ಒಳ ರಚನೆ ಬದಲಾಗಿ, ಹಳೆ ಸೆಟ್ಟಿಂಗಿನಲ್ಲಿ ಬಿಲ್ಡ್ ಆದ ಲೈಬ್ರರಿಗೆ ಹೊಸ ಸೆಟ್ಟಿಂಗಿನ ಪ್ರೋಗ್ರಾಂ ಲಿಂಕ್ ಆಗದೆ ಎಷ್ಟು ಜನ ಒದ್ದಾಡಿದ್ದಾರೆ. ಎರರ್‌ನಲ್ಲಿ ಸಿಎಕ್ಸ್‌ಎಕ್ಸ್11 ಅಂತ ಕಂಡರೆ ಅದೇ ಕಥೆ.

ಮಲ್ಪೆ_ಮ್ಯಾಕ್ · ಮಧ್ಯಾಹ್ನ 2:20

ನಾನು ಇವರ ಕೋಡ್ ತೆಗೆದು ಮ್ಯಾಕ್‌ನಲ್ಲಿ ನೋಡಿದೆ. ಲೈಬ್ರರಿ ಆಯ್ತು. ಟೆಸ್ಟ್ ಲಿಂಕ್ ಆಗುವಾಗ "ಅನ್‌ಡಿಫೈನ್ಡ್ ಸಿಂಬಲ್ಸ್ ಫಾರ್ ಆರ್ಕಿಟೆಕ್ಚರ್ ಎಆರ್‌ಎಂ64". ಎಕ್ಸ್‌ಪೋರ್ಟ್‌ದ್ದೇ ಅಂತ ಒಂದು ಗಂಟೆ ಕಳೆದೆ. ಮೇಲೆ ಸ್ಕ್ರೋಲ್ ಮಾಡಿದರೆ ಒಂದು ವಾರ್ನಿಂಗ್ ಮೊದಲೇ ಬಂದಿತ್ತು, ಟೆಸ್ಟ್‌ಗೆ ಬೇಕಾದ ಇನ್ನೊಂದು ಲೈಬ್ರರಿ ಹಳೆ ಇಂಟೆಲ್‌ಗೆ ಬಿಲ್ಡ್ ಆದದ್ದು, ಅದನ್ನು ಬಿಟ್ಟು ಮುಂದೆ ಹೋಗ್ತೇನೆ ಅಂತ. ಹೊಸತು ಹಾಕಿದೆ, ಸರಿ ಆಯ್ತು. ತುಳುಲಿಪಿಯದ್ದು ತಪ್ಪಿಲ್ಲ.

ಇನ್ನೊಂದು. ಮ್ಯಾಕ್‌ನಲ್ಲಿ ಎಕ್ಸ್‌ಪೋರ್ಟ್ ಪಟ್ಟಿಯ ಫೈಲ್ ಕೊಡುವುದಾದರೆ ಸಿ ಹೆಸರಿನ ಮುಂದೆಯೂ ಅಂಡರ್‌ಸ್ಕೋರ್ ಬೇಕು. ಲಿನಕ್ಸ್‌ನ ಪಟ್ಟಿಯನ್ನೇ ಅಂಟಿಸಿದರೆ ಆಗುದಿಲ್ಲ.

ತೆಂಕಪೇಟೆ_ತುಳುವ · ಸಂಜೆ 5:48

ಮಳೆಗೆ ಮಧ್ಯಾಹ್ನ ಕರೆಂಟ್ ಇರಲಿಲ್ಲ, ಈಗ ಬಂತು.

ಕಾರ್ಕಳದಕ್ಕ ಹೇಳಿದ ಹಾಗೆ ಮ್ಯಾಕ್ರೋ ಹಾಕಿದೆ. ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡುವ ಸಾಲು ತೆಗೆದೆ. ಕೋಷ್ಟಕ ಒಳಗೇ ಇಟ್ಟು ಫಂಕ್ಷನ್ ಮಾಡಿದೆ. ಕೋಷ್ಟಕದ ಎರರ್ ಹೋಯ್ತು! ಆದರೆ ಟೆಸ್ಟ್ ಪ್ರೋಗ್ರಾಂ, ಅದು ಸ್ಟಾಟಿಕ್ ಲೈಬ್ರರಿ (ಪ್ರೋಗ್ರಾಂ ಒಳಗೇ ಸೇರಿ ಹೋಗುವಂಥದ್ದು) ಉಪಯೋಗಿಸುದು, ಈಗ ಹಾಳಾಯ್ತು. ಮೊದಲು ಸರಿ ಇತ್ತು. ಪೂರ್ತಿ ಸಾಲು ಹಾಕಬೇಕಂತಲ್ಲ, ಹಾಕ್ತೇನೆ: ಎಲ್‌ಎನ್‌ಕೆ2019, ಅನ್ರಿಸಾಲ್ವ್ಡ್ ಎಕ್ಸ್‌ಟರ್ನಲ್ ಸಿಂಬಲ್ __ಐಎಂಪಿ_ತುಳು_ತಿರುಗಿಸು, ಮೇನ್ ಫಂಕ್ಷನ್‌ನಲ್ಲಿ ಕೇಳಿದ್ದು.

ಕಾರ್ಕಳದಕ್ಕ · ಸಂಜೆ 6:02

ಹೆಸರಿನ ಮುಂದೆ ಐಎಂಪಿ ಉಂಟಲ್ಲ, ಅದೇ ಉತ್ತರ. ಹೆಡರ್ "ಇದು ಡಿಎಲ್‌ಎಲ್‌ನಿಂದ ಬರ್ತದೆ" ಅಂತ ಹೇಳಿತು, ನೀವು ಕೊಟ್ಟದ್ದು ಸ್ಟಾಟಿಕ್ ಲೈಬ್ರರಿ. ಸ್ಟಾಟಿಕ್‌ನಲ್ಲಿ ಐಎಂಪಿ ಹೆಸರೇ ಇರುದಿಲ್ಲ. ಮ್ಯಾಕ್ರೋಗೆ ಮೂರನೇ ದಾರಿ ಬೇಕು: ಸ್ಟಾಟಿಕ್ ಆದರೆ ಖಾಲಿ. ತುಳು_ಸ್ಟಾಟಿಕ್ ಅಂತ ಡೆಫಿನಿಷನ್ ಇಟ್ಟು, ಸಿಮೇಕ್‌ನಲ್ಲಿ ಸ್ಟಾಟಿಕ್ ಟಾರ್ಗೆಟ್‌ಗೆ ಪಬ್ಲಿಕ್ ಅಂತ ಕೊಡಿ. ಪ್ರೈವೇಟ್ ಕೊಟ್ಟರೆ ಲೈಬ್ರರಿಗೆ ಮಾತ್ರ ತಾಗ್ತದೆ, ಟೆಸ್ಟ್‌ಗೆ ಗೊತ್ತಾಗುದಿಲ್ಲ. ಕರ್ಲ್ ಲೈಬ್ರರಿಯವರು ಕರ್ಲ್_ಸ್ಟಾಟಿಕ್‌ಲಿಬ್ ಅಂತ ಇಟ್ಟದ್ದೂ ಇದಕ್ಕೇ.

ಮಣಿಪಾಲ_ಥರ್ಡ್‌ಇಯರ್ · ಸಂಜೆ 6:10

ಅಕ್ಕ, ಇದನ್ನೆಲ್ಲ ಯಾವ ಸೆಮಿಸ್ಟರಿನಲ್ಲಿಯೂ ಹೇಳಿಕೊಡಲಿಲ್ಲ 😢

ಕಾರ್ಕಳದಕ್ಕ · ಸಂಜೆ 6:14

ನಮಗೂ ಹೇಳಿಕೊಡಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಇಂಥದ್ದೇ ಒಂದು ಎರರ್‌ಗೆ ರಾತ್ರಿ ಹನ್ನೊಂದರವರೆಗೆ ಆಫೀಸಿನಲ್ಲಿ ಕೂತು ಕೊನೆ ಬಸ್ ತಪ್ಪಿಸಿಕೊಂಡಿದ್ದೆ. ಅದಕ್ಕೇ ಕೇಳಿದವರಿಗೆ ಬಿಡಿಸಿ ಹೇಳುದು.

ತೆಂಕಪೇಟೆ_ತುಳುವ · ರಾತ್ರಿ 8:30

ಟೆಸ್ಟ್ ಪಾಸ್! ಅಕ್ಕ, ನಿಮಗೆ ಕೈ ಮುಗೀತೇನೆ.

ಇನ್ನು ಉಳಿದದ್ದು ಆ ಡ್ರಾಟೆಕ್ಸ್ಟ್ ಒಂದೇ. ಮ್ಯಾಕ್ರೋ ಹಾಕಿದ್ದೇನೆ. ಡಂಪ್‌ಬಿನ್‌ನಲ್ಲಿ ಡ್ರಾಟೆಕ್ಸ್ಟ್ ಕಾಣ್ತದೆ, ಕಣ್ಣಾರೆ ನೋಡಿದೆ. ಆದರೂ ಪುಟ ತೋರಿಸುವ ಪ್ರೋಗ್ರಾಂ "ತುಳು ಪುಟ ಕ್ಲಾಸಿನ ಡ್ರಾಟೆಕ್ಸ್ಟ್ ಅನ್ರಿಸಾಲ್ವ್ಡ್" ಅಂತಲೇ ಹೇಳ್ತದೆ. ಇದ್ದದ್ದು ಹೇಗೆ ಕಾಣುದಿಲ್ಲ?

ಸುರತ್ಕಲ್_ದೀಪಸ್ತಂಭ · ರಾತ್ರಿ 8:41

ಹಳೆ .ಲಿಬ್ ಇರಬೇಕು. ಬಿಲ್ಡ್ ಫೋಲ್ಡರ್ ಅಳಿಸಿ. ಇಲ್ಲದಿದ್ದರೆ ಡೀಬಗ್ ಮತ್ತು ರಿಲೀಸ್ ಬೆರೆತಿದೆ. ಇಲ್ಲವೇ ಒಂದು 32 ಬಿಟ್, ಒಂದು 64.

ತೆಂಕಪೇಟೆ_ತುಳುವ · ರಾತ್ರಿ 9:15

ಮೂರೂ ನೋಡಿದೆ. ಅಲ್ಲ.

ಕುಂದಾಪ್ರದ್_ಕೋಡು · ರಾತ್ರಿ 9:20

ಪೂರಾ ಸಾಲ್ ಹಾಕಿ ಅಂದೆ ಅಲ್ದಾ ಮಧ್ಯಾಹ್ನವೇ. ಇಲ್ಲಿ ಬರ್ದದ್ ಎರರ್ ಸಾಲಾ, ನೀವ್ ಓದಿ ಬರ್ದದಾ?

ತೆಂಕಪೇಟೆ_ತುಳುವ · ರಾತ್ರಿ 9:27

ಓದಿ ಬರೆದದ್ದು. ಗೆಳೆಯ ವಾಟ್ಸಾಪಿನಲ್ಲಿ ಸ್ಕ್ರೀನಿನ ಫೋಟೋ ಕಳಿಸಿದ್ದಾನೆ, ಗೆರೆಗೆರೆ ಬಂದಿದೆ. ಅದನ್ನು ನೋಡಿ ನಾನು ಇಲ್ಲಿ ಟೈಪ್ ಮಾಡಿದ್ದು.

ಕೊಟ್ಟಾರ_ಕೋಡರ್ · ರಾತ್ರಿ 9:29

ಫೋಟೋ ಬೇಡ. ಔಟ್‌ಪುಟ್ ಕಾಪಿ ಮಾಡಿ ಕಳಿಸಲು ಹೇಳಿ. ಅಕ್ಷರ ಅಕ್ಷರ.

ಬಂಟ್ವಾಳ_ಡಿಟಿಪಿ · ರಾತ್ರಿ 9:44

ಅಂಗಡಿ ಮುಚ್ಚಿದ್ದೆ, ಮತ್ತೆ ತೆರೆದೆ. ಸಾಲು ಹೀಗೆ ಉಂಟು, ಕಾಪಿ ಮಾಡಿದ್ದು: ಅನ್ರಿಸಾಲ್ವ್ಡ್ ಎಕ್ಸ್‌ಟರ್ನಲ್ ಸಿಂಬಲ್, ಪಬ್ಲಿಕ್, ವಾಯ್ಡ್, ತುಳು::ಪುಟ::ಡ್ರಾಟೆಕ್ಸ್ಟ್‌ಡಬ್ಲ್ಯೂ

ಕೊಟ್ಟಾರ_ಕೋಡರ್ · ರಾತ್ರಿ 9:45

ಡಬ್ಲ್ಯೂ!

ಬೋಳಾರ_ಲಿನಕ್ಸ್ · ರಾತ್ರಿ 9:45

ಡಬ್ಲ್ಯೂ ಎಲ್ಲಿಂದ ಬಂತು?

ಕುಂದಾಪ್ರದ್_ಕೋಡು · ರಾತ್ರಿ 9:52

ಹಾಂ, ಸಿಕ್ತ್ ಕಾಣಿ. ಪುಟ ತೋರ್ಸು ಪ್ರೋಗ್ರಾಂನಗೆ ವಿಂಡೋಸ್.ಎಚ್ ಸೇರ್ಸಿದ್ರ್ಯಾ? ಸೇರ್ಸಿಯೇ ಇರ್ತ್ರಿ, ಕಿಟಕಿ ತೆರೂಕ್ ಅದ್ ಬೇಕಲೆ.

ಆ ಹೆಡರ್‌ನಗೆ ಡ್ರಾಟೆಕ್ಸ್ಟ್ ಅಂಬ್ದ್ ಒಂದ್ ಮ್ಯಾಕ್ರೋ. ಯುನಿಕೋಡ್ ಬಿಲ್ಡ್ ಆರೆ ಡ್ರಾಟೆಕ್ಸ್ಟ್‌ಡಬ್ಲ್ಯೂ ಅಂತ್ಹೇಳಿ ಬದ್ಲ್ ಮಾಡತ್ತ್, ಇಲ್ದಿರೆ ಡ್ರಾಟೆಕ್ಸ್ಟ್‌ಎ. ಅದಕ್ಕೆ ಕ್ಲಾಸೂ ಗೊತ್ತಿಲ್ಲೆ, ನೇಮ್‌ಸ್ಪೇಸೂ ಗೊತ್ತಿಲ್ಲೆ. ಆ ಅಕ್ಷರ ಕಂಡಲ್ಲೆಲ್ಲ ಬದ್ಲ್ಸುದೇ. ನಿಮ್ ಲೈಬ್ರರಿ ಬಿಲ್ಡ್ ಆಪತ್ತಿಗೆ ವಿಂಡೋಸ್.ಎಚ್ ಇಲ್ಲೆ, ಹಾಂಗಾಯಿ ಅಲ್ಲಿ ಹೆಸ್ರ್ ಡ್ರಾಟೆಕ್ಸ್ಟ್ ಅಂತ್ಲೇ ಉಳೀತ್. ಪ್ರೋಗ್ರಾಂ ಕಂಪೈಲ್ ಆಪತ್ತಿಗೆ ನಿಮ್ ಹೆಡರ್ ಒಳ್ಗಿನ ಹೆಸ್ರೂ ಬದ್ಲಾಯ್ತ್. ಒಬ್ರ್ ಇಟ್ಟದ್ದ್ ಒಂದ್ ಹೆಸ್ರ್, ಇನ್ನೊಬ್ರ್ ಕೇಂಬುದ್ ಇನ್ನೊಂದ್.

ತೆಂಕಪೇಟೆ_ತುಳುವ · ರಾತ್ರಿ 10:01

ಫೋಟೋ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಡಬ್ಲ್ಯೂ ಉಂಟು. ನಿನ್ನೆಯ ಫೋಟೋದಲ್ಲಿಯೂ ಉಂಟು. ನಾನು ಬರೆದ ಫಂಕ್ಷನ್, ನನಗೆ ಗೊತ್ತಿದ್ದ ಹೆಸರು, ಕಣ್ಣು ಅಷ್ಟಕ್ಕೇ ನಿಂತಿದೆ. ಬೆಳಿಗ್ಗೆಯಿಂದ ಇಲ್ಲಿ ಎಲ್ಲರಿಗೂ ತಪ್ಪು ಹೆಸರು ಹೇಳಿದೆ, ಕ್ಷಮಿಸಿ.

ಕಾರ್ಕಳದಕ್ಕ · ರಾತ್ರಿ 10:08

ಕ್ಷಮೆ ಎಂತಕ್ಕೆ. ಹೆಸರು ಬದಲಿಸಿ, ಅಷ್ಟೆ. ಅನ್‌ಡೆಫ್ ಮಾಡಿಯೂ (ಆ ಮ್ಯಾಕ್ರೋ ರದ್ದು ಮಾಡಿ) ತಪ್ಪಿಸಬಹುದು, ಆದರೆ ಉಪಯೋಗಿಸುವ ಪ್ರತಿಯೊಬ್ಬರೂ ಯಾವ ಹೆಡರ್ ಮೊದಲು, ಯಾವುದು ಆಮೇಲೆ ಅಂತ ನೆನಪಿಡಬೇಕಾಗ್ತದೆ. ಗೆಟ್‌ಮೆಸೇಜ್, ಸೆಂಡ್‌ಮೆಸೇಜ್, ಕ್ರಿಯೇಟ್‌ಫೈಲ್, ಗೆಟ್‌ಆಬ್ಜೆಕ್ಟ್, ಇವೆಲ್ಲ ಅದೇ ಜಾತಿ. ಬೇರೆ ಕಡೆ ಓಡಬೇಕಾದ ಲೈಬ್ರರಿಯಲ್ಲಿ ಈ ಹೆಸರುಗಳ ಹತ್ತಿರ ಹೋಗಲೇಬಾರದು.

ತೆಂಕಪೇಟೆ_ತುಳುವ · ರಾತ್ರಿ 10:12

ಪುಟ_ಬರೆ ಅಂತ ಇಡ್ತೇನೆ. ವಿಂಡೋಸ್.ಎಚ್‌ನಲ್ಲಿ ಕನ್ನಡದ ಮಾತು ಖಂಡಿತ ಇರಲಿಕ್ಕಿಲ್ಲ.

ಬೋಳಾರ_ಲಿನಕ್ಸ್ · ರಾತ್ರಿ 10:30

ಒಳ್ಳೆಯದಾಯ್ತು. ಈಗ ನಾನು ಹೇಳುದನ್ನೂ ಮಾಡಿ. ಪ್ರತಿ ಸರ್ತಿ ಗೆಳೆಯನ ಅಂಗಡಿ ತೆರೆಸುವ ಹಾಗೆ ಆಗಬಾರದು. ಉಬುಂಟುವಿನಲ್ಲೇ ವಿಸಿಬಿಲಿಟಿ ಹಿಡನ್ ಅಂತ ಫ್ಲಾಗ್ ಕೊಟ್ಟು ಬಿಲ್ಡ್ ಮಾಡಿ. 2005ರ ಜಿಸಿಸಿ 4.0ರಿಂದಲೇ ಅದು ಉಂಟು. ಸಿಮೇಕ್‌ನಲ್ಲಿ ಸಿಎಕ್ಸ್‌ಎಕ್ಸ್_ವಿಸಿಬಿಲಿಟಿ_ಪ್ರಿಸೆಟ್ ಅನ್ನು ಹಿಡನ್ ಮಾಡಿದರೆ ಸಾಕು. ಆಗ ಲಿನಕ್ಸೂ ವಿಂಡೋಸ್ ಹಾಗೆಯೇ, ನೀವು ಗುರುತು ಹಾಕದ ಫಂಕ್ಷನ್ ಹೊರಗೆ ಕಾಣುದಿಲ್ಲ. ಮ್ಯಾಕ್ರೋ ಹಾಕಲು ಮರೆತರೆ ನಿಮ್ಮ ಲ್ಯಾಪ್‌ಟಾಪಿನಲ್ಲೇ ಅನ್‌ಡಿಫೈನ್ಡ್ ರೆಫರೆನ್ಸ್ ಅಂತ ಬರ್ತದೆ.

ಜೊತೆಗೆ ಲಿಂಕರ್‌ಗೆ "ನೋ ಅನ್‌ಡಿಫೈನ್ಡ್" ಕೊಡಿ. ಇಲ್ಲದಿದ್ದರೆ ಲಿನಕ್ಸ್‌ನಲ್ಲಿ .ಎಸ್‌ಒ ಒಳಗೆ ಸಿಗದ ಹೆಸರು ಇದ್ದರೂ ಅದು ಸುಮ್ಮನೆ ಬಿಲ್ಡ್ ಆಗಿ ಬಿಡ್ತದೆ.

ಸುರತ್ಕಲ್_ದೀಪಸ್ತಂಭ · ರಾತ್ರಿ 10:38

ಗಿಟ್‌ಹಬ್‌ನಲ್ಲಿ ಹಾಕಿದರೆ ಅಲ್ಲಿಯ ವಿಂಡೋಸ್ ಮೆಷಿನ್‌ನಲ್ಲಿ ಪ್ರತಿ ಬದಲಾವಣೆಗೆ ಬಿಲ್ಡ್ ಮಾಡಿಸಬಹುದು. ಮ್ಯಾಕ್ ಕೂಡ. ಓಪನ್ ಸೋರ್ಸ್‌ಗೆ ಖರ್ಚಿಲ್ಲ. ಆ ಫೈಲ್ ನಾನು ಬರೆದು ಕಳಿಸ್ತೇನೆ. ನಿನ್ನೆ ಒಂದು ಸಾಲಿನಲ್ಲಿ ಮುಗೀತದೆ ಅಂದದ್ದು ನಾನೇ, ಇದು ನನ್ನ ಪಾಲಿನ ಕೆಲಸ.

ತೆಂಕಪೇಟೆ_ತುಳುವ · ಸೋಮವಾರ ಬೆಳಿಗ್ಗೆ 7:20

ಹಿಡನ್ ಹಾಕಿ ಬಿಲ್ಡ್ ಮಾಡಿದೆ. ಮೊದಲು ಎನ್‌ಎಂ (ಲೈಬ್ರರಿಯ ಹೆಸರುಗಳನ್ನು ತೋರಿಸುವ ಕಮಾಂಡ್) ಹೊಡೆದರೆ ಮುನ್ನೂರಕ್ಕೂ ಹೆಚ್ಚು ಹೆಸರು ಬರ್ತಿತ್ತು, ಈಗ ಒಂಬತ್ತು. ಒತ್ತಕ್ಷರ ಜೋಡಿಸುವ ಒಂದು ಫಂಕ್ಷನ್‌ಗೆ ಮ್ಯಾಕ್ರೋ ಹಾಕಲು ಮರೆತದ್ದು ಇಲ್ಲೇ ಸಿಕ್ಕಿತು, ಬಂಟ್ವಾಳದವರೆಗೆ ಹೋಗಲಿಲ್ಲ.

ಬಂಟ್ವಾಳ_ಡಿಟಿಪಿ · ಬೆಳಿಗ್ಗೆ 10:55

ಈಗ ಬಿಲ್ಡ್ ಮಾಡಿದೆ. ಎರರ್ ಇಲ್ಲ. ಪ್ರೋಗ್ರಾಂ ತೆರೀತು. ಮೊದಲು ಪೂರಾ ಚೌಕ ಚೌಕ ಕಂಡಿತು, ಹೆದರಿ ಹೋದೆ. ಇವ ಕಳಿಸಿದ ಫಾಂಟ್ ಹಾಕಿರಲಿಲ್ಲ. ಹಾಕಿ ತೆರೆದೆ, "ತುಳುವೆರ್" ಅಂತ ತುಳು ಲಿಪಿಯಲ್ಲಿ ಬಂತು. ಅಮ್ಮನನ್ನು ಕರೆದು ತೋರಿಸಿದೆ. ಅವರ ಅಜ್ಜನ ಮನೆಯಲ್ಲಿ ತಾಳೆಗರಿಯ ಕಟ್ಟು ಇತ್ತಂತೆ, ಇದೇ ಥರ ಅಕ್ಷರ, ಯಾರಿಗೂ ಓದಲಿಕ್ಕೆ ಬರ್ತಿರಲಿಲ್ಲ ಅಂದರು. ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೇಳಿದರು.

ಒಂದು ತಕರಾರು ಉಂಟು. "ಕ್ಷ" ಬರೆದರೆ ಒತ್ತು ಕೆಳಗೆ ಕೂರುದಿಲ್ಲ, ಪಕ್ಕಕ್ಕೆ ಹೋಗ್ತದೆ.

ತೆಂಕಪೇಟೆ_ತುಳುವ · ಬೆಳಿಗ್ಗೆ 11:02

ಅದು ಲಿಂಕರ್‌ದ್ದಲ್ಲ, ಫಾಂಟಿನದ್ದೋ ನನ್ನ ಜೋಡಣೆಯದ್ದೋ ನೋಡಬೇಕು. ನೀನು ಒತ್ತಿದ ಪಠ್ಯವನ್ನೇ ಕಾಪಿ ಮಾಡಿ ಕಳಿಸು, ಫೋಟೋ ಬೇಡ.